ಭರತ ನೋಡಿ ಹುಟ್ಟು ಹಾಕಿ: ತೇಜಸ್ವಿನಿಯಿಂದ ವಲಿಯಪರಂಬದವರೆಗೆ ಯುವಕ ಮಂಡಲದ ಮೂರು ದಿನದ ದೋಣಿ ಶಿಬಿರ

ಕೇರಳದ 44 ನದಿಗಳಲ್ಲಿ 12 ನಮ್ಮ ಕಾಸರಗೋಡು ಜಿಲ್ಲೆಯಲ್ಲೇ ಹರಿಯುತ್ತವೆ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಎಂದು ಹೊಳೆಗಳ ಹೆಸರು ಹೇಳುತ್ತ ಹೋದರೆ ಬಸ್ಸಿನ ಸ್ಟಾಪುಗಳ ಹೆಸರು ಹೇಳಿದಂತೆಯೇ ಆಗುತ್ತದೆ. ಆದರೂ ನಮ್ಮ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಹೊಳೆಯನ್ನು ಕಂಡಿರುವುದು ಸೇತುವೆ ದಾಟುವಾಗ ಮಾತ್ರ. ಯುವಕ ಮಂಡಲ, ಸ್ಕೌಟ್ಸ್ ಗೈಡ್ಸ್ ದಳ, ಕಾಲೇಜಿನ ಎನ್ನೆಸ್ಸೆಸ್ ಘಟಕ ಯಾವುದೇ ಆಗಲಿ, 14 ವರ್ಷ ದಾಟಿದವರ ಒಂದು ಗುಂಪನ್ನು ಮೂರು ದಿನ ನೀರಿನ ಮೇಲೆ ಕರೆದೊಯ್ಯಬೇಕು ಎಂದಿರುವ ಹಿರಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಂಥ ಯೋಜನೆಗೆ ಕೂತಾಗ ಎಲ್ಲರೂ ಮೊದಲು ಕೇಳುವುದು "ದಿನಕ್ಕೆ ಎಷ್ಟು ಕಿಲೋಮೀಟರ್?" ಎಂದು. ಕರಾವಳಿಯ ಹೊಳೆಯಲ್ಲಿ ಆ ಪ್ರಶ್ನೆ ಆಮೇಲಿನದು. ನೀರು ಎಷ್ಟು ಹೊತ್ತಿಗೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ, ಗಾಳಿ ಯಾವಾಗ ಏಳುತ್ತದೆ ಎಂಬುದನ್ನು ಮೊದಲು ಕಾಗದದ ಮೇಲೆ ಇಳಿಸಿ. ದಾರಿ, ಊಟ, ವಸತಿ ಎಲ್ಲವೂ ಅದರ ಹಿಂದೆ ಬರಲಿ.

ಯಾವ ಹೊಳೆ, ಏಕೆ

ಮುಳ್ಳೇರಿಯ, ಅಡೂರು ಕಡೆಯವರಿಗೆ ಪಯಸ್ವಿನಿಯೇ ಮನೆಯ ಹೊಳೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಸುಳ್ಯ, ಜಾಲ್ಸೂರು ದಾಟಿ ಬರುವ ಈ ನದಿ ಸುಮಾರು 105 ಕಿ.ಮೀ. ಉದ್ದ. ಕೆಳಭಾಗದಲ್ಲಿ ಚಂದ್ರಗಿರಿ ಎನಿಸಿಕೊಂಡು ತಳಂಗರೆಯ ಬಳಿ ಕಡಲು ಸೇರುತ್ತದೆ. ಆದರೆ ಹೊಸಬರ ಗುಂಪಿಗೆ ನಾನು ಇದನ್ನು ಸೂಚಿಸುವುದಿಲ್ಲ. ಮಳೆ ನಿಂತ ಮೇಲೆ ಮೇಲ್ಭಾಗದಲ್ಲಿ ಬಂಡೆಗಳು ತಲೆ ಎತ್ತುತ್ತವೆ. ಉಪ್ಪುನೀರು ಮೇಲೇರದಂತೆ ಬಾವಿಕ್ಕೆರೆಯಲ್ಲಿ ಕಟ್ಟಿದ ರೆಗ್ಯುಲೇಟರ್ ಹೊಳೆಯನ್ನು ಎರಡು ತುಂಡು ಮಾಡಿದೆ. ಜೊತೆಗೆ, ಜಿಲ್ಲೆಯ ಅಧಿಕೃತ ಜೀವಿ ಎಂದು ಘೋಷಿಸಲಾದ ಅಪರೂಪದ ದೈತ್ಯ ಮೃದುಚಿಪ್ಪಿನ ಆಮೆ ಮೊಟ್ಟೆಯಿಡುವುದು ಇದೇ ಹೊಳೆಯ ಮರಳ ದಂಡೆಯಲ್ಲಿ. ಡೇರೆ ಹಾಕಲು ನಮಗೆ ಚಂದ ಕಾಣುವ ಜಾಗವೇ ಅದರ ಹೆರಿಗೆ ಮನೆ. ಅಲ್ಲಿ ಹದಿನಾರು ಜನ ಬೆಂಕಿ ಹಾಕಿ ಕುಣಿಯುವುದು ಬೇಡ.

ಬದಿಯಡ್ಕ, ಪೆರ್ಲ ಕಡೆಯ ಸಣ್ಣ ಹೊಳೆ ತೋಡುಗಳಲ್ಲಿ ಡಿಸೆಂಬರ್ ಹೊತ್ತಿಗೆ ಕೃಷಿಕರು ಕಟ್ಟ ಹಾಕುತ್ತಾರೆ. ಕಲ್ಲು ಮಣ್ಣಿನ ಆ ಕಟ್ಟಗಳಿಂದ ಎಷ್ಟೋ ಅಡಿಕೆ ತೋಟಗಳು ಬೇಸಗೆಯನ್ನು ದಾಟುತ್ತವೆ. ಅವುಗಳ ಮೇಲೆ ದೋಣಿ ಎಳೆಯುವುದು ಸರಿಯಲ್ಲ.

ಉಳಿಯುವುದು ಹೊಸದುರ್ಗ ತಾಲೂಕಿನ ತೇಜಸ್ವಿನಿ, ಅಂದರೆ ಕಾರ್ಯಂಕೋಡು ಹೊಳೆ, ಮತ್ತು ಅದು ಕೂಡುವ ವಲಿಯಪರಂಬ ಹಿನ್ನೀರು. ಕಡಲಿಗೂ ಹಿನ್ನೀರಿಗೂ ನಡುವೆ ಸುಮಾರು 24 ಕಿ.ಮೀ. ಉದ್ದಕ್ಕೆ ಮಲಗಿರುವ ವಲಿಯಪರಂಬ ದ್ವೀಪ ಅಲೆಗೆ ತಡೆಗೋಡೆಯಂತಿದೆ. ಹೆಚ್ಚಿನ ಕಡೆ ನೀರು ಶಾಂತ. ಎರಡೂ ದಡದಲ್ಲಿ ಊರುಗಳಿರುವುದರಿಂದ ಸಹಾಯವೂ ಹತ್ತಿರ. ಕುಂಬಳೆಯಲ್ಲಿ ರೈಲು ಹತ್ತಿದರೆ ನೀಲೇಶ್ವರದಲ್ಲಿ ಇಳಿಯಬಹುದು, ವಾಪಸು ತೃಕ್ಕರಿಪುರದಿಂದ ಹತ್ತಬಹುದು. ನೀಲೇಶ್ವರದ ದೋಣಿ ತಾಣ ಕೋಟಪ್ಪುರಂ. ತ್ರಿಶೂರು ಜಿಲ್ಲೆಯಲ್ಲೂ ಅದೇ ಹೆಸರಿನ ಊರಿದೆ, ಮೊಬೈಲ್ ನಕ್ಷೆಯಲ್ಲಿ ಹುಡುಕುವಾಗ ನೋಡಿಕೊಳ್ಳಿ.

ಯಾವ ತಿಂಗಳು

ಡಿಸೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ಮಾತೇ ಬೇಡ. ಅಕ್ಟೋಬರ್ ನವೆಂಬರ್‌ನ ತುಲಾಮಳೆಯಲ್ಲಿ ಬೆಳಗ್ಗೆ ಆಕಾಶ ತೊಳೆದಿಟ್ಟಂತಿದ್ದು ಮಧ್ಯಾಹ್ನದ ಮೇಲೆ ಸಿಡಿಲು ಬರುತ್ತದೆ. ಬಯಲು ನೀರಿನಲ್ಲಿ ದೋಣಿಯಲ್ಲಿ ಕೂತವನೇ ಆಗ ಸುತ್ತಲಿನ ಎತ್ತರದ ವಸ್ತು. ಏಪ್ರಿಲ್ ಮೇಯಲ್ಲಿ ಸೆಕೆ, ಮಳೆಗಾಲಕ್ಕೆ ಮೊದಲಿನ ಗುಡುಗು ಎರಡೂ ಇವೆ.

ಹವಾಮಾನ ಇಲಾಖೆಯ ಬಣ್ಣದ ಮುನ್ನೆಚ್ಚರಿಕೆಯನ್ನು ಹೊರಡುವ ಮೂರು ದಿನ ಮೊದಲಿನಿಂದ ನೋಡುತ್ತಿರಿ. ಅದರ ಜೊತೆಗೆ ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಎತ್ತರದ ಅಲೆಯ ಎಚ್ಚರಿಕೆಯನ್ನೂ ನೋಡಬೇಕು. ಗಾಳಿಮಳೆ ಇಲ್ಲದ ದಿನವೂ ದೂರದ ಸಾಗರದಿಂದ ಬಂದು ದಡಕ್ಕೆ ನುಗ್ಗುವ ಅಲೆಗೆ ಇಲ್ಲಿನ ಮೀನುಗಾರರು ಕಳ್ಳಕ್ಕಡಲ್ ಎನ್ನುತ್ತಾರೆ. ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಬಂದರೆ ಶಿಬಿರ ಮುಂದಕ್ಕೆ ಹಾಕುತ್ತೇವೆ ಎಂದು ಪೋಷಕರಿಗೆ ಕೊಡುವ ಮೊದಲ ಕಾಗದದಲ್ಲೇ ಬರೆದುಬಿಡಿ. ಎಲ್ಲ ಸಾಮಾನು ಕಟ್ಟಿದ ಮೇಲೆ ಚರ್ಚೆಗೆ ಕೂತರೆ ಹೊರಡುವವರ ಪಕ್ಷವೇ ಗೆಲ್ಲುತ್ತದೆ.

ಭರತ-ಇಳಿತದ ಲೆಕ್ಕ

ಇದನ್ನು ನಿಧಾನವಾಗಿ ಓದಿ, ಮಕ್ಕಳಿಗೂ ಕಲಿಸಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಹೊತ್ತಿಗಿಂತ ನಾಳೆಯದು ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಸೆಳೆತವೂ ಜೋರು. ಅಷ್ಟಮಿಯ ಹೊತ್ತಿಗೆ ಎರಡೂ ಮಂದ. ಹೊಸಬರ ಗುಂಪಿಗೆ ಅಷ್ಟಮಿಯ ಹತ್ತಿರದ ದಿನಗಳೇ ಒಳ್ಳೆಯದು. ಪಂಚಾಂಗ ಇಟ್ಟುಕೊಂಡು ತಾರೀಕು ಆರಿಸಲು ಇದೊಂದು ಒಳ್ಳೆಯ ಕಾರಣ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಐದನೆಯದರಲ್ಲಿ ಎರಡು, ಕೊನೆಯ ಗಂಟೆಯಲ್ಲಿ ಒಂದು. ಅಂದರೆ ನಡುವಿನ ಎರಡು ಗಂಟೆಗಳಲ್ಲೇ ಅರ್ಧ ನೀರು ಬರುತ್ತದೆ, ಸೆಳೆತ ಆಗಲೇ ಬಿರುಸು. ಅಂದಾಜಿನ ಲೆಕ್ಕವಾದರೂ ದೋಣಿಯವನಿಗೆ ಇಷ್ಟು ಸಾಕು.

ಭರತದ ಪಟ್ಟಿ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಅದು ಕಡಲ ದಡದ ಹೊತ್ತು. ಹಿನ್ನೀರಿನ ಒಳಗೆ ಅದೇ ಭರತ ತಡವಾಗಿ ತಲುಪುತ್ತದೆ. ಎಷ್ಟು ತಡ ಎಂದು ತಿಳಿಯಲು ಒಂದೇ ದಾರಿ: ಶಿಬಿರಕ್ಕೆ ಮೊದಲು ನಾಯಕರಿಬ್ಬರು ಹೋಗಿ ಒಂದು ಬಿದಿರ ಕೋಲಿಗೆ ಗೆರೆ ಹಾಕಿ ಕೋಟಪ್ಪುರದ ದಡದಲ್ಲಿ ನೆಟ್ಟು, ಬೆಳಗಿನಿಂದ ಸಂಜೆಯವರೆಗೆ ಅರ್ಧ ಗಂಟೆಗೊಮ್ಮೆ ಬರೆದುಕೊಳ್ಳುವುದು. ಪಡನ್ನದ ಬಳಿಯೂ ಹಾಗೆಯೇ. ದೋಣಿ ನಡೆಸುವ ಅಜ್ಜಂದಿರಿಗೆ ಇದು ಬಾಯಿಪಾಠ. ಅವರನ್ನು ಕೇಳಿ, ನಿಮ್ಮ ಕೋಲಿನ ಲೆಕ್ಕದೊಂದಿಗೆ ತಾಳೆ ನೋಡಿ.

ಇನ್ನು ಗಾಳಿ. ಚಳಿಗಾಲದಲ್ಲಿ ಬೆಳಗ್ಗೆ ನೆಲದ ಕಡೆಯಿಂದ ಮೆಲುವಾದ ಗಾಳಿ, ಹನ್ನೊಂದರ ಮೇಲೆ ಕಡಲ ಗಾಳಿ. ಅಗಲವಾದ ಹಿನ್ನೀರಿನಲ್ಲಿ ಮಧ್ಯಾಹ್ನ ಎರಡಕ್ಕೆ ಹುಟ್ಟು ಹಾಕುವುದೆಂದರೆ ಮಕ್ಕಳ ತೋಳು ಸೋಲಿಸುವ ಕೆಲಸ. ಆದ್ದರಿಂದ ಹಿನ್ನೀರಿನ ದಿನಗಳಲ್ಲಿ 11ರೊಳಗೆ ದಡ ಸೇರಬೇಕು.

ಗುಂಪು ಮತ್ತು ದೋಣಿ

ಹನ್ನೆರಡು ಮಕ್ಕಳು, ನಾಲ್ವರು ಹಿರಿಯರು. ಇದಕ್ಕಿಂತ ದೊಡ್ಡ ಗುಂಪು ನೀರಿನ ಮೇಲೆ ಕಣ್ಣಳತೆಯಲ್ಲಿ ಉಳಿಯುವುದಿಲ್ಲ. ಮೂವರು ಕೂರುವ ಐದು ಕನೂ ದೋಣಿಗಳಲ್ಲಿ ಹದಿನೈದು ಜನ. ಮುಂದಿನ, ನಡುವಿನ, ಕೊನೆಯ ದೋಣಿಗಳಲ್ಲಿ ಒಬ್ಬೊಬ್ಬ ಹಿರಿಯರು. ಉಳಿದ ಹಿರಿಯರು ಬೆಂಗಾವಲಿನ ಎಂಜಿನ್ ದೋಣಿಯಲ್ಲಿ, ಸ್ಥಳೀಯ ದೋಣಿಗಾರನ ಜೊತೆ. ಹುಡುಗಿಯರಿದ್ದರೆ ಹಿರಿಯರಲ್ಲಿ ಇಬ್ಬರಾದರೂ ಹೆಂಗಸರಿರಲಿ. ಯಾವ ಹಿರಿಯರೂ ಒಂದು ಮಗುವಿನ ಜೊತೆ ಒಂಟಿಯಾಗಿ ಡೇರೆಯಲ್ಲಾಗಲಿ ದೋಣಿಯಲ್ಲಾಗಲಿ ಇರಬಾರದು ಎಂಬ ನಿಯಮವನ್ನು ಎಲ್ಲರ ಮುಂದೆ ಓದಿ ಹೇಳಿ.

ಬೆಂಗಾವಲು ದೋಣಿಗೆ ಖರ್ಚಿದೆ. ಅದನ್ನು ಕೈಬಿಟ್ಟರೆ ಶಿಬಿರವನ್ನೇ ಕೈಬಿಟ್ಟ ಹಾಗೆ ಎಂದು ತಿಳಿಯಿರಿ. ನೀರು, ಅಡುಗೆ ಸಾಮಾನು, ಔಷಧ ಅದರಲ್ಲೇ ಹೋಗುತ್ತದೆ. ದಣಿದ ಮಗುವನ್ನು ಹತ್ತಿಸಿಕೊಳ್ಳುವುದೂ ಅದೇ. ಆ ದೋಣಿಗೆ ನೋಂದಣಿ, ವಿಮೆ ಇದೆಯೇ, ಎಷ್ಟು ಜನರಿಗೆ ಅನುಮತಿ ಎಂದು ಕಾಗದ ನೋಡಿಯೇ ಮಾತು ಕೊಡಿ. 2007ರ ಫೆಬ್ರವರಿ 20ರಂದು ತಟ್ಟೇಕ್ಕಾಡಿನಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 15 ಮಕ್ಕಳೂ ಮೂವರು ಶಿಕ್ಷಕರೂ ತೀರಿಕೊಂಡರು. 2023ರ ಮೇ 7ರಂದು ತಾನೂರಿನಲ್ಲಿ 22 ಜನ ಹೋದರು. ಎರಡರಲ್ಲೂ ದೋಣಿಗೆ ತಾಳುವುದಕ್ಕಿಂತ ಹೆಚ್ಚು ಜನರಿದ್ದರು. "ಇನ್ನೊಬ್ಬ ಕೂತರೆ ಏನಾಗುತ್ತದೆ?" ಎಂಬ ಮಾತು ನಿಮ್ಮ ಗುಂಪಿನಲ್ಲಿ ಹುಟ್ಟಬಾರದು.

ಲೈಫ್ ಜಾಕೆಟ್ ಪ್ರತಿಯೊಬ್ಬರ ಅಳತೆಯದ್ದು ಬೇಕು. ತೊಡಿಸಿ, ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಕಿವಿಯವರೆಗೆ ಜಾರಿದರೆ ಅದು ಆ ಮಗುವಿನದ್ದಲ್ಲ. ಪ್ರತಿ ಜಾಕೆಟ್‌ಗೂ ಒಂದು ಸೀಟಿ ಕಟ್ಟಿರಿ: ಒಂದು ಊದು ಎಂದರೆ ನನ್ನ ಕಡೆ ನೋಡು, ಎರಡು ಎಂದರೆ ಒಟ್ಟಾಗು, ಮೂರು ಎಂದರೆ ಅಪಾಯ.

ಅನುಮತಿ ಮತ್ತು ಊರಿನ ಪರಿಚಯ

ರಾತ್ರಿ ತಂಗುವ ಊರಿನ ಗ್ರಾಮ ಪಂಚಾಯತಿ, ಆ ವ್ಯಾಪ್ತಿಯ ಪೊಲೀಸ್ ಠಾಣೆ ಮತ್ತು ಕರಾವಳಿ ಪೊಲೀಸರಿಗೆ ಬರಹದಲ್ಲಿ ತಿಳಿಸಿ. ಹೆಸರು, ವಯಸ್ಸು, ದೋಣಿಗಳ ಸಂಖ್ಯೆ, ಹೊರಡುವ ಮತ್ತು ತಲುಪುವ ಹೊತ್ತು ಅದರಲ್ಲಿರಲಿ. ಶಾಲೆಯ ಗುಂಪಾದರೆ ಶಿಕ್ಷಣ ಇಲಾಖೆಯ ಅನುಮತಿ ಬೇರೆಯೇ. ಪತ್ರಗಳು ಮಲಯಾಳದಲ್ಲಿದ್ದರೆ ಕೆಲಸ ಬೇಗ ಸಾಗುತ್ತದೆ.

ಕಾಗದಕ್ಕಿಂತ ದೊಡ್ಡದು ಜನರ ಪರಿಚಯ. ಹಿನ್ನೀರಿನ ದಡದಲ್ಲಿ ಖಾಲಿ ಬಿದ್ದ ಜಾಗ ಎಂಬುದಿಲ್ಲ. ಪ್ರತಿ ತೆಂಗಿನ ತೋಟಕ್ಕೂ ಯಜಮಾನರಿದ್ದಾರೆ. ಊರಿನ ಗ್ರಂಥಾಲಯ ಅಥವಾ ಕ್ಲಬ್ಬಿಗೆ ಮೊದಲೇ ಹೋಗಿ, ನಾವು ಕುಂಬಳೆ ಬದಿಯಡ್ಕ ಕಡೆಯ ಕನ್ನಡ ಮಕ್ಕಳು, ಒಂದು ರಾತ್ರಿ ಇರುತ್ತೇವೆ ಎಂದು ಹೇಳಿ. ಶಾಲೆಯ ಅಂಗಳವನ್ನೋ ಕ್ಲಬ್ಬಿನ ಹಾಲನ್ನೋ ತೆರೆದುಕೊಡುವವರು ಸಿಗುತ್ತಾರೆ. ಅಲ್ಲಿ ಶೌಚಾಲಯವೂ ಇರುತ್ತದೆ, ಇದು ಸಣ್ಣ ವಿಷಯವಲ್ಲ. ಮರಳು ನೆಲದಲ್ಲಿ ಕೆಲವೇ ಅಡಿ ಕೆಳಗೆ ಸಿಹಿನೀರಿದೆ, ಊರಿನ ಬಾವಿಗಳೆಲ್ಲ ಅದನ್ನೇ ನಂಬಿವೆ. ಅಲ್ಲಿ ಗುಂಡಿ ತೋಡಿ ಶೌಚಕ್ಕೆ ಬಳಸಬಾರದು. ರಾತ್ರಿ ಊರಿನ ಮಕ್ಕಳನ್ನೂ ಕರೆದು ನಮ್ಮವರು ಯಕ್ಷಗಾನದ ನಾಲ್ಕು ಹೆಜ್ಜೆ ತೋರಿಸಲಿ, ಅವರು ತಮ್ಮ ಕೋಲಾಟ ಕೋಲ್ಕಳಿ ತೋರಿಸಲಿ.

ಮನೆಯ ಹತ್ತಿರದ ತಾಲೀಮು

ಶಿಬಿರದ ಮುಕ್ಕಾಲು ಪಾಲು ಇಲ್ಲಿಯೇ ನಡೆಯುತ್ತದೆ ಎಂದು ನನ್ನ ನಂಬಿಕೆ. ಪ್ರತಿಯೊಬ್ಬರೂ ಜಾಕೆಟ್ ಇಲ್ಲದೆ 50 ಮೀಟರ್ ಈಜಬೇಕು, ಜಾಕೆಟ್ ತೊಟ್ಟು ಹತ್ತು ನಿಮಿಷ ಗಾಬರಿಯಿಲ್ಲದೆ ತೇಲಬೇಕು. ಇದಾಗದವರನ್ನು ನಾಚಿಸಬೇಡಿ, ಮುಂದಿನ ವರ್ಷಕ್ಕೆ ಈಜು ಕಲಿಸಿ.

ಎಲ್ಲಿ ಕಲಿಸುವುದು? ಹಿಂದೆ ಊರ ಕೆರೆ, ಮದಕ ಎಂದುಬಿಡುತ್ತಿದ್ದೆವು. ಈಚಿನ ವರ್ಷಗಳಲ್ಲಿ ಕೇರಳದಲ್ಲಿ ಅಮೀಬಾದಿಂದ ಬರುವ ಮೆದುಳು ಜ್ವರದ ಪ್ರಕರಣಗಳು ಕಂಡುಬಂದಿವೆ. ನಿಂತ ಬೆಚ್ಚಗಿನ ಸಿಹಿನೀರು ಮೂಗಿನೊಳಗೆ ನುಗ್ಗಿದಾಗ ಅದು ಬರುತ್ತದೆ. ಹಾಗಾಗಿ ಈಜಿಗೆ ಕ್ಲೋರಿನ್ ಹಾಕಿದ ಕೊಳ ಆರಿಸಿ. ದೋಣಿಯ ತಾಲೀಮಿಗೆ ಕುಂಬಳೆ ಹೊಳೆಯ ಉಪ್ಪುನೀರಿನ ಭಾಗ ಒಳ್ಳೆಯದು. ಭರತ ಏರುತ್ತಿರುವ ಹೊತ್ತಿನಲ್ಲೇ ಮಾಡಿ, ಇಳಿತದಲ್ಲಿ ಸೆಳೆತ ಕಡಲ ಕಡೆಗೆ.

ದೋಣಿ ಮಗುಚುವ ತಾಲೀಮು ಪ್ರತಿ ದೋಣಿಯ ಮೂವರಿಗೂ ಆಗಲೇಬೇಕು. ಬೇಕೆಂದೇ ಮಗುಚಿಸಿ. ಮೊದಲ ಪಾಠ: ದೋಣಿ ಬಿಡಬೇಡ. ಮಗುಚಿದ ದೋಣಿಯೂ ತೇಲುತ್ತದೆ. ದಡ ಹತ್ತಿರ ಕಂಡಿತೆಂದು ಈಜಿ ಹೊರಟವನು ಸೆಳೆತಕ್ಕೆ ಸಿಕ್ಕಿ ದಣಿಯುತ್ತಾನೆ. ಎರಡನೆಯದು: ಜೊತೆಗಾರರ ಹೆಸರು ಕೂಗು, ಉತ್ತರ ಬಂದ ಮೇಲೆ ಹುಟ್ಟು ಹುಡುಕು. ಮೂರನೆಯದು, ಬೇರೆ ದೋಣಿಗೆ ಒಬ್ಬೊಬ್ಬರಾಗಿ ಹಿಂದಿನ ತುದಿಯಿಂದ ಹತ್ತುವುದು. ಒಂದೇ ಪಕ್ಕದಿಂದ ಮೂವರು ಎಳೆದರೆ ಅದೂ ಮಗುಚುತ್ತದೆ. ತಲೆಯಲ್ಲಿ ತಿಳಿದರೆ ಸಾಲದು, ಕೈಕಾಲಿಗೆ ಹತ್ತುವವರೆಗೆ ಮಾಡಿಸಿ.

ಸಾಮಾನು

ಪ್ರತಿಯೊಬ್ಬರಿಗೂ ಒಂದು ನೀರು ಹೊಗದ ಚೀಲ, ಅದರೊಳಗೆ ಹಿಡಿಸುವಷ್ಟೇ ಬಟ್ಟೆ. ತೋಳು ಮುಚ್ಚುವ ಅಂಗಿ, ಮುಟ್ಟಾಳೆ ಅಥವಾ ಟೊಪ್ಪಿ, ಸೊಳ್ಳೆ ಪರದೆ, ಟಾರ್ಚು. ಕಾಲಿಗೆ ಹಿಮ್ಮಡಿ ಕಟ್ಟುವ ಚಪ್ಪಲಿ ಅಥವಾ ಹಳೆಯ ಕ್ಯಾನ್ವಾಸ್ ಶೂ ಕಡ್ಡಾಯ. ಇಳಿತದ ಕೆಸರಿನಲ್ಲಿ ಮುರು ಚಿಪ್ಪುಗಳು ಬ್ಲೇಡಿನಷ್ಟು ಹರಿತ. ಗಾಯವಾದರೆ ಕೂಡಲೇ ತೊಳೆದು ಮುಚ್ಚಬೇಕು, ಇಲಿಜ್ವರ ಇಂಥ ಗಾಯದಿಂದಲೂ ಒಳಗೆ ಬರುತ್ತದೆ. ಮುಂಜಾಗ್ರತೆಯ ಮಾತ್ರೆ ಬೇಕೇ ಎಂದು ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ. ಅಸ್ತಮಾ, ಅಪಸ್ಮಾರ, ಅಲರ್ಜಿ ಇರುವವರ ವಿವರ ಪೋಷಕರಿಂದ ಬರೆಸಿ ತರಿಸಿ. ಔಷಧ ಎರಡು ಕಡೆ ಇರಲಿ. ಹುಡುಗಿಯರಿಗೆ ಸ್ಯಾನಿಟರಿ ಪ್ಯಾಡು, ಬಳಸಿದ್ದನ್ನು ಇಡಲು ಮುಚ್ಚುವ ಡಬ್ಬಿ, ಕೇಳುವ ಮೊದಲೇ ಕೈಗೆ ಕೊಡಿ.

ನೀರು, ಅನ್ನ

ಸುತ್ತ ನೀರಿದೆ, ಒಂದು ಹನಿಯೂ ಕುಡಿಯುವಂಥದ್ದಲ್ಲ. ಒಬ್ಬರಿಗೆ ದಿನಕ್ಕೆ ಕುಡಿಯಲು 4 ಲೀಟರ್, ಅಡುಗೆಗೆ 2 ಲೀಟರ್ ಎಂದು ಹಿಡಿಯಿರಿ. ಹದಿನಾರು ಜನರಿಗೆ ನೂರು ಲೀಟರ್‌ಗೆ ಸ್ವಲ್ಪ ಕಡಿಮೆ, ಅಂದರೆ 20 ಲೀಟರಿನ ಐದು ಕ್ಯಾನು. ತಂಗುವ ಊರಿನಲ್ಲಿ ತುಂಬಿಸಿಕೊಳ್ಳಬಹುದು. ಕೆಲವು ಬಾವಿಗಳ ನೀರು ಬೇಸಗೆಗೆ ಮೊದಲೇ ಸವುಳಾಗುತ್ತದೆ, ಆದ್ದರಿಂದ ರುಚಿ ನೋಡಿ, ಕೇಳಿ, ಕುದಿಸಿ.

ಕುಚ್ಚಲಕ್ಕಿ ಗಂಜಿಯಿಲ್ಲದೆ ನಮ್ಮವರಿಗೆ ಆಗದು, ಆದರೆ ಅದು ಬೇಯಲು ಗ್ಯಾಸು ಬಹಳ ಬೇಕು. ರಾತ್ರಿ ಚೆನ್ನಾಗಿ ಕುದಿ ಬರಿಸಿ, ಬಿಸಿ ಹಿಡಿದಿಡುವ ಥರ್ಮಲ್ ರೈಸ್ ಕುಕ್ಕರಿನಲ್ಲಿ ಇಟ್ಟುಬಿಟ್ಟರೆ ಬೆಳಗ್ಗೆ ಗಂಜಿ ಸಿದ್ಧ. 5 ಕಿಲೋದ ಸಣ್ಣ ಸಿಲಿಂಡರ್ ಸಾಕು. ದೋಣಿಯಲ್ಲಿ ತಿನ್ನಲು ಅವಲಕ್ಕಿ ಬೆಲ್ಲ, ಬಾಳೆಹಣ್ಣು, ಹುರಿಗಡಲೆ. ಮಧ್ಯಾಹ್ನ ಹುರುಳಿ ಸಾರು, ಚಟ್ನಿ, ಉಪ್ಪಿನಕಾಯಿ. ಮೀನು ತಿನ್ನುವವರು ಬೆಳಗಿನ ಬಲೆಯಿಂದ ನೇರವಾಗಿ ಕೊಳ್ಳಬಹುದು. ಪ್ಲಾಸ್ಟಿಕ್ಕೆಲ್ಲ ನಿಮ್ಮ ಜೊತೆಗೇ ವಾಪಸು ಬರಬೇಕು.

ದಿನದ ಲೆಕ್ಕ

ಉದಾಹರಣೆಗೆ ಎರಡನೇ ದಿನ ಕೋಟಪ್ಪುರದಲ್ಲಿ ಇಳಿತ ಮುಗಿದು ನೀರು ಬೆಳಗ್ಗೆ 7ಕ್ಕೆ ಪೂರ್ತಿ ತಗ್ಗುವ ತಾರೀಕು ಆರಿಸಿದ್ದೀರಿ ಎಂದುಕೊಳ್ಳಿ.

ಹಾಗಿದ್ದರೆ ಮೊದಲ ದಿನ ಇಳಿತ 6:10ಕ್ಕೆ, ಭರತ ಸುಮಾರು 12:20ಕ್ಕೆ. ಬೆಳಗಿನ ರೈಲಿಗೆ ಬಂದು, ಊಟ ಮಾಡಿ, ಮಧ್ಯಾಹ್ನ 2:30ಕ್ಕೆ ಪಾಲಾಯಿಯ ಷಟರ್ ಸೇತುವೆಯಿಂದ ಸಾಕಷ್ಟು ಕೆಳಗಿನ ಕಡವಿನಲ್ಲಿ ದೋಣಿ ಇಳಿಸಿ. ಷಟರಿನ ಹತ್ತಿರಕ್ಕೆ ಯಾರೂ ಹೋಗಬಾರದು, ಅಲ್ಲಿನ ಸುಳಿಯಿಂದ ಜಾಕೆಟ್ ತೊಟ್ಟವನನ್ನೂ ಹೊರತೆಗೆಯುವುದು ಕಷ್ಟ. ಇಳಿತ ಹಿಂದಿನಿಂದ ತಳ್ಳುತ್ತದೆ. ಕಡಲ ಗಾಳಿ ಎದುರಿಗಿದ್ದರೂ ದಡದ ತೆಂಗುಗಳ ಮರೆಯಲ್ಲಿ ಹೋದರೆ ಅಷ್ಟು ಬಾಧಿಸದು. ಹೊಸಬರು ಗಂಟೆಗೆ 3 ಕಿ.ಮೀ. ಹೋದರೆ ಹೆಚ್ಚು. ಹೆದ್ದಾರಿಯ ಕಾರ್ಯಂಕೋಡು ಸೇತುವೆ ದಾಟಿ, 5ರ ಹೊತ್ತಿಗೆ ಕೋಟಪ್ಪುರ ಅಥವಾ ಅಚ್ಚಾಂತುರುತ್ತಿಯ ದಡ ಹತ್ತಿ. ರಾತ್ರಿ ಮಕ್ಕಳಿಗೆ ಕಯ್ಯೂರಿನ ರೈತರ ಕಥೆ ಹೇಳಿ. 1941ರ ಮಾರ್ಚ್‌ನಲ್ಲಿ ಮೆರವಣಿಗೆಯ ನಡುವೆ ಸಿಕ್ಕಿಬಿದ್ದ ಪೊಲೀಸನೊಬ್ಬ ಸತ್ತದ್ದು ಇದೇ ಹೊಳೆಯಲ್ಲಿ. ಆ ಮೊಕದ್ದಮೆಯಲ್ಲಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಹುಟ್ಟು ಹಾಕಿದ ನೀರಿನ ಇತಿಹಾಸ ಅದೇ ದಿನ ಕೇಳಿದರೆ ಮರೆಯುವುದಿಲ್ಲ.

ಎರಡನೇ ದಿನವೇ ಕಠಿಣ. ಅಳಿತ್ತಲದ ಬಳಿ ಹೊಳೆ ಕಡಲಿಗೆ ತೆರೆದುಕೊಳ್ಳುತ್ತದೆ. ಇಳಿತದ ನಡುವೆ ಈ ಅಳಿವೆಯ ಒಳಪಕ್ಕ ದಾಟಲು ಹೋದರೆ ಸೆಳೆತ ದೋಣಿಯನ್ನು ಕಡಲಿಗೇ ಒಯ್ಯುತ್ತದೆ. ಅದಕ್ಕೇ 7ರ ಇಳಿತ ಆರಿಸಿದ್ದು. 7:30ಕ್ಕೆ ಹೊರಟರೆ ನೀರು ಒಳಗೆ ಬರತೊಡಗಿರುತ್ತದೆ. ತಪ್ಪಿ ಹೋದರೂ ಒಳಕ್ಕೇ ತಳ್ಳುತ್ತದೆ. ಈ ಭಾಗದಲ್ಲಿ ಬೆಂಗಾವಲು ದೋಣಿ ಕಡಲಿನ ಕಡೆಗಿರಲಿ, ಐದು ದೋಣಿಗಳೂ ಒಟ್ಟಾಗಿ ಒಳದಡಕ್ಕೆ ಅಂಟಿಕೊಂಡು ಸಾಗಲಿ. ಹಾಡು, ಫೋಟೊ ಎಲ್ಲ ಆಮೇಲೆ. ಹೊರಡುವ ಹೊತ್ತು ಒಂದು ಗಂಟೆಗಿಂತ ಹೆಚ್ಚು ತಪ್ಪಿದರೆ ಮರುಲೆಕ್ಕ ಹಾಕಿ, ಸಂಶಯವಿದ್ದರೆ ಬೆಂಗಾವಲು ದೋಣಿಯಲ್ಲೋ ರಸ್ತೆಯಲ್ಲೋ ಆ ಭಾಗ ದಾಟಿಸಿ.

ಆ ಮೇಲೆ ಭರತ ನಿಮ್ಮನ್ನು ದಕ್ಷಿಣಕ್ಕೆ ಒಯ್ಯುತ್ತದೆ. ದಡದಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು, ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು. ಇದು ಜಿಲ್ಲೆಯ ಅಧಿಕೃತ ಹಕ್ಕಿ. ನೀರಿನ ನಡುವೆ ಬಿದಿರ ಚಪ್ಪರಗಳ ಸಾಲು ಕಾಣುತ್ತದೆ, ಅವು ಪಚ್ಚಿಲೆ ಅಥವಾ ಕಲ್ಲುಮ್ಮಕ್ಕಾಯಿ ಕೃಷಿ. ನವೆಂಬರ್ ಡಿಸೆಂಬರ್‌ನಲ್ಲಿ ಹಗ್ಗಕ್ಕೆ ಮರಿ ಕಟ್ಟಿ ಇಳಿಬಿಟ್ಟರೆ ಮಳೆಗಾಲಕ್ಕೆ ಮೊದಲು ಕೊಯ್ಲು. ನಿಮ್ಮ ಶಿಬಿರದ ಹೊತ್ತಿಗೆ ಆ ಹಗ್ಗಗಳಲ್ಲಿ ಎಷ್ಟೋ ಮನೆಗಳ ಸಂಪಾದನೆ ನೇತಾಡುತ್ತಿರುತ್ತದೆ. ದೂರದಿಂದ ಸುತ್ತಿ ಹೋಗಿ, ಹಿಡಿದು ನಿಲ್ಲಬೇಡಿ. 11ಕ್ಕೆ ಪಡನ್ನದ ಆಸುಪಾಸಿನಲ್ಲಿ ದಡ. ಮಧ್ಯಾಹ್ನ ನಿದ್ದೆ, ಸಂಜೆ ಕೃಷಿಕರ ಜೊತೆ ಮಾತು.

ಮೂರನೇ ದಿನ ಎಡಯಿಲಕ್ಕಾಡು ದ್ವೀಪದ ಪಶ್ಚಿಮ ಪಕ್ಕದಿಂದ ಆಯಿಟ್ಟಿಯವರೆಗೆ. ಪೂರ್ವದಲ್ಲಿ ದ್ವೀಪಕ್ಕೆ ಹೋಗುವ ಕಟ್ಟೆಯ ರಸ್ತೆ ನೀರಿಗೆ ಅಡ್ಡವಾಗಿದೆ. ಹಿನ್ನೀರಿಗೆ ದಕ್ಷಿಣದಲ್ಲೂ ಕಡಲ ಬಾಯಿ ಇರುವುದರಿಂದ ಎರಡು ಕಡೆಯ ಭರತ ನಡುವೆ ಎದುರಾಗಿ ಸೆಳೆತ ಸಾಯುತ್ತದೆ, ಇಲ್ಲಿ ತೋಳೇ ಗತಿ. ಎಡಯಿಲಕ್ಕಾಡಿನ ಕಾವಿನ, ಅಂದರೆ ದೇವರ ಕಾಡಿನ, ಮಂಗಗಳಿಗೆ ಓಣಂ ಹೊತ್ತಿಗೆ ಊರವರು ಎಲೆ ಹಾಕಿ ಊಟ ಬಡಿಸುತ್ತಾರೆ. ನೀವು ಏನೂ ಕೊಡಬೇಡಿ, ಚೀಲವನ್ನೂ ತೆರೆದಿಡಬೇಡಿ. ಕಾವಿನೊಳಗೆ ಚಪ್ಪಲಿ, ಗದ್ದಲ ಬೇಡ. ಆಯಿಟ್ಟಿ ಜೆಟ್ಟಿಗೆ ರಾಜ್ಯ ಜಲಸಾರಿಗೆಯ ಬೋಟುಗಳು ಬರುತ್ತವೆ, ಅವುಗಳ ದಾರಿ ಬಿಟ್ಟು ಪಕ್ಕದಲ್ಲಿ ಇಳಿಯಿರಿ.

ಏನಾದರೂ ಆದರೆ

ಪ್ರತಿ ದಿನದ ದಾರಿಯಲ್ಲಿ ರಸ್ತೆ ನೀರನ್ನು ಮುಟ್ಟುವ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ, ಮುದ್ರಿಸಿ, ಪ್ಲಾಸ್ಟಿಕ್ಕಿನಲ್ಲಿ ಹಾಕಿ ಪ್ರತಿ ಹಿರಿಯರಿಗೂ ಕೊಡಿ. ಒಂದು ಜೀಪು ದಡದಲ್ಲೇ ಹಿಂಬಾಲಿಸಲಿ. ತುರ್ತು ಸಹಾಯಕ್ಕೆ 112, ಆಂಬುಲೆನ್ಸ್‌ಗೆ 108, ಅಗ್ನಿಶಾಮಕ ದಳಕ್ಕೆ 101, ಕಡಲಿನ ಕಡೆ ಹೋದರೆ ಕರಾವಳಿ ರಕ್ಷಣಾ ಪಡೆಯ 1554. ಉತ್ತರ ಭಾಗಕ್ಕೆ ಹೊಸದುರ್ಗದ ಜಿಲ್ಲಾ ಆಸ್ಪತ್ರೆ, ದಕ್ಷಿಣಕ್ಕೆ ತೃಕ್ಕರಿಪುರದ ತಾಲೂಕು ಆಸ್ಪತ್ರೆ, ಅದರಾಚೆ ಪರಿಯಾರಂ ಮೆಡಿಕಲ್ ಕಾಲೇಜು. ಹಾವಿನ ವಿಷಕ್ಕೆ ಮದ್ದು ಯಾವುದರಲ್ಲಿ ದಾಸ್ತಾನಿದೆ ಎಂದು ಹೊರಡುವ ವಾರ ಫೋನ್ ಮಾಡಿ ಕೇಳಿ. ಗುಡುಗು ಕೇಳಿದ ಕೂಡಲೇ ದಡ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯದೆ ಮತ್ತೆ ನೀರಿಗಿಲ್ಲ. ಪ್ರತಿ ಸಲ ದಡ ಬಿಡುವಾಗ, ದಡ ಹತ್ತಿದಾಗ ಹೆಸರು ಕರೆದು ಎಣಿಸಿ.

ಮರಳಿದ ಮೇಲೆ

ಪೋಷಕರಿಗೆ ಸುದ್ದಿ ಹೇಳಿ, ತಂಗಿದ ಊರಿನವರಿಗೆ ಮಕ್ಕಳ ಕೈಬರಹದ ಪತ್ರ ಕಳಿಸಿ. ಕೋಲಿನ ಲೆಕ್ಕ, ಹೊರಟ ಮತ್ತು ತಲುಪಿದ ಹೊತ್ತು, ಗಾಳಿ ಎದ್ದ ಹೊತ್ತು ಒಂದು ಪುಸ್ತಕದಲ್ಲಿ ಸೇರಲಿ, ಮುಂದಿನ ತಂಡಕ್ಕೆ ಅದು ಬೇಕು. ಮುಂದಿನ ಎರಡು ಮೂರು ವಾರದಲ್ಲಿ ಯಾರಿಗಾದರೂ ಜ್ವರ ಬಂದರೆ ನೀರಿನಲ್ಲಿ ಇದ್ದೆವು ಎಂದು ವೈದ್ಯರಿಗೆ ಹೇಳುವಂತೆ ಮನೆಯವರಿಗೆ ತಿಳಿಸಿ. ಜಾಕೆಟ್‌ಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ಒಂದೊಂದರ ಬಕಲ್ಲು ಹೊಲಿಗೆ ನೋಡಿ. ಕೆಟ್ಟದ್ದು ಕಂಡರೆ ಮತ್ತೆ ಯಾರೂ ತೊಡದಂತೆ ಅದರ ಪಟ್ಟಿಗಳನ್ನು ಅಲ್ಲೇ ಕತ್ತರಿಸಿಬಿಡಿ.